ಬ್ರೇಕಿನ ಗಾಳಿ ತೆಗೆಯಲು ಮೂರು ಜನ

ನನ್ನ ಮಾವ, ಎಂದರೆ ಗಂಡನ ತಂದೆ, ನಾನು ಆ ಮನೆಗೆ ಹೋಗಿ ಮೂರು ವರ್ಷವಾದರೂ ನನ್ನ ಹತ್ತಿರ ಒಂದೇ ಒಂದು ಮಾತು ಆಡಿರಲಿಲ್ಲ. ಇದನ್ನು ಕೇಳಿದವರೆಲ್ಲ ಏನೋ ದೊಡ್ಡ ಜಗಳವಾಗಿರಬೇಕು ಎಂದುಕೊಳ್ಳುತ್ತಾರೆ. ಜಗಳವೂ ಇಲ್ಲ, ಮಣ್ಣೂ ಇಲ್ಲ. ಆ ಮನೆಯಲ್ಲಿ ಮಾವ ಸೊಸೆ ಎದುರುಬದುರು ನಿಂತು ಮಾತಾಡುವ ಕ್ರಮ ಇರಲಿಲ್ಲ, ಅಷ್ಟೆ. ಮಾವನ ಅಪ್ಪ ನನ್ನ ಅತ್ತೆಯ ಹತ್ತಿರ ಒಂದು ಮಾತೂ ಆಡದೆ ತೀರಿಕೊಂಡರಂತೆ. ಇದನ್ನು ಅತ್ತೆ ನನಗೆ ಹೇಳಿದ್ದು ಸ್ವಲ್ಪ ಹೆಮ್ಮೆಯಿಂದಲೇ.

ನಾನು ಹುಟ್ಟಿ ಬೆಳೆದದ್ದು ಸುಳ್ಯದ ಹತ್ತಿರ ಅಜ್ಜಾವರದಲ್ಲಿ. ನನ್ನ ಅಪ್ಪ ಹಲ್ಲುಜ್ಜುವಾಗಲೂ ಮಾತಾಡುವವರು. ಅಂಥ ಮನೆಯಿಂದ ಬೆಳ್ಳಾರೆ ಸವಣೂರುಗಳ ನಡುವಿನ ಈ ಮನೆಗೆ ಬಂದ ಮೊದಲ ವಾರ ನನಗೆ ಕಿವಿಯಲ್ಲಿ ಹತ್ತಿ ತುರುಕಿದ ಹಾಗಾಗಿತ್ತು. ಮಾವನಿಗೆ ಚಾ ಬೇಕಾದರೆ ಜಗಲಿಯಲ್ಲಿ ಕೂತು ಬೆಕ್ಕಿನ ಹತ್ತಿರ ಕೇಳುತ್ತಿದ್ದರು. “ಇವತ್ತು ಚಾ ಉಂಟಾ, ಇಲ್ಲವಾ?” ಬೆಕ್ಕು ಉತ್ತರ ಕೊಡದ ಕಾರಣ ನಾನು ಎದ್ದು ಹೋಗಿ ನೀರಿಡುತ್ತಿದ್ದೆ. ಒಳಗೆ ಬರುವ ಮುಂಚೆ ಒಂದು ಕೆಮ್ಮು, ಹೊರಗೆ ಹೋಗುವ ಮುಂಚೆ ಎರಡು. ಮನುಷ್ಯ ಒಳ್ಳೆಯವರು. ನನಗೆ ಜ್ವರ ಬಂದಾಗ ಸುಳ್ಯದಿಂದ ಮುಸುಂಬಿ ತಂದು ಅಡುಗೆಮನೆಯ ಬಾಗಿಲ ಹತ್ತಿರ ಇಟ್ಟು, ಕಳ್ಳನ ಹಾಗೆ ಓಡಿ ಹೋಗಿದ್ದರು.

ಬೆಕ್ಕಿನಿಂದ ಸಾಗದ ವ್ಯವಹಾರಕ್ಕೆಲ್ಲ ಅತ್ತೆ ಇದ್ದರು. ಮಾವ ಹೇಳಿದ್ದನ್ನು ನನಗೆ, ನಾನು ಹೇಳಿದ್ದನ್ನು ಮಾವನಿಗೆ ದಾಟಿಸುವ ಕೆಲಸ ಅವರದ್ದು. ಬರೇ ದಾಟಿಸಿದರೆ ಸಾಕಿತ್ತು. ಅತ್ತೆಗೆ ಅಷ್ಟರಲ್ಲಿ ತೃಪ್ತಿಯಿಲ್ಲ. ಜಗಲಿಯಲ್ಲಿ ಮಾವ “ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಆಗಿದೆ ಅಂತ ಹೇಳು” ಎಂದದ್ದು ಗೋಡೆಯ ಈಚೆ ನಿಂತ ನನಗೆ ಸರಿಯಾಗಿ ಕೇಳಿರುತ್ತಿತ್ತು. ಅತ್ತೆ ಒಳಗೆ ಬಂದು, “ಅಜ್ಜಾವರದಲ್ಲಿ ಉಪ್ಪು ಸಿಗುದಿಲ್ಲವಾ ಅಂತ ಕೇಳ್ತಿದ್ದಾರೆ ನಿನ್ನ ಮಾವ” ಎನ್ನುತ್ತಿದ್ದರು. ನಾನು “ನಾಳೆಯಿಂದ ಸರಿ ಹಾಕ್ತೇನೆ ಅಂತ ಹೇಳಿ” ಎಂದರೆ, ಹೊರಗೆ ಹೋಗಿ “ಪಾಪ, ಕಣ್ಣಲ್ಲಿ ನೀರು ಹಾಕಿಕೊಂಡಳು” ಎಂದು ವರದಿ ಒಪ್ಪಿಸುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಹೆಚ್ಚಾಗಿ ನಗುವೇ ಗೆಲ್ಲುತ್ತಿತ್ತು, ಒಂದು ಸಲ ಬಿಟ್ಟು.

ಆ ಒಂದು ಸಲದ ಕಥೆ ಇದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ಮೇ ತಿಂಗಳು. ಮದುವೆಗೆ ಮುಂಚೆ ನಾನು ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಸವಣೂರಿನಿಂದ ಸ್ವಲ್ಪ ಆಚೆ ಇದ್ದ ಒಂದು ಶಾಲೆಗೆ ಅರ್ಜಿ ಹಾಕಿ, ಹಾಕಿದ್ದನ್ನೇ ಮರೆತಿದ್ದೆ. ಒಂದು ಗುರುವಾರ ಶಾಲೆಯವರಿಂದ ಕಾಗದ ಬಂತು. ಕೆಲಸ ಕೊಡುತ್ತೇವೆ, ಮುಂದಿನ ವಾರದ ಶನಿವಾರದೊಳಗೆ ಒಪ್ಪಿಗೆ ತಿಳಿಸಬೇಕು, ಸೋಮವಾರದಿಂದ ಶಾಲೆ ಶುರು, ಒಪ್ಪಿಗೆ ಬಾರದಿದ್ದರೆ ಬೇರೆಯವರನ್ನು ಕರೆಯುತ್ತೇವೆ. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆ ಎಂದರೆ, ಅದರ ಮಡಿಕೆ ಸಂಜೆಯೊಳಗೆ ಹರಿಯಲಿಕ್ಕೆ ಬಂತು. ಇಡೀ ದಿನ ಮಾತಾಡಿದರೂ ಯಾರೂ ಬೇಡ ಎನ್ನದ ಜಾಗವೊಂದು ಈ ಲೋಕದಲ್ಲಿದ್ದರೆ ಅದು ಕ್ಲಾಸಿನ ಕಪ್ಪುಹಲಗೆಯ ಮುಂದೆ. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಅತ್ತೆಗೆ ಹೇಳಿದೆ. ಅತ್ತೆ ಕಾಗದವನ್ನು ಎರಡೂ ಬದಿ ನೋಡಿ, “ನಿನ್ನ ಮಾವನ ಹತ್ತಿರ ಕೇಳಿ ಹೇಳ್ತೇನೆ” ಎಂದರು. ಆ ಸಲ ಮಾತ್ರ ಕೇಳುವ ಕೆಲಸ ಜಗಲಿಯಲ್ಲಿ ನಡೆಯಲಿಲ್ಲ, ನನ್ನ ಕಿವಿಗೆ ನಿಲುಕದ ದನದ ಹಟ್ಟಿಯ ಹತ್ತಿರ ನಡೆಯಿತು. ಶನಿವಾರ ಬೆಳಿಗ್ಗೆ ಅತ್ತೆ ತೆಂಗಿನಕಾಯಿ ತುರಿಯುತ್ತಾ, ನನ್ನ ಮುಖ ನೋಡದೆ, “ಬೇಡ ಅಂದ್ರು” ಎಂದರು. ಒಂದೇ ಮಾತು. ಅದಕ್ಕೆ ಒಗ್ಗರಣೆಯನ್ನೂ ಹಾಕಲಿಲ್ಲ. ನನಗೆ ಅನುಮಾನ ಬರಬೇಕಾದದ್ದು ಅಲ್ಲಿಯೇ, ಆದರೆ ಅಳು ಬಂದಿದ್ದರಿಂದ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ನನ್ನ ಗಂಡನಿಗೆ ಆಗ ಕಡಬದಲ್ಲಿ ಕೆಲಸ. ಮಧ್ಯೆ ಹೊಳೆ, ಬಸ್ಸಿನ ನೆಚ್ಚಿಕೆಯಿಲ್ಲ, ಹಾಗಾಗಿ ಅಲ್ಲಿಯೇ ಕೋಣೆ ಮಾಡಿಕೊಂಡಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಅವರ ಹತ್ತಿರ ಹೇಳಿದೆ. “ಅಪ್ಪ ಬೇಡ ಅಂದ ಮೇಲೆ ಎಂತ ಮಾಡುದು ಮಾರಾಯ್ತಿ” ಎಂದು ಭಾನುವಾರ ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದರು. ಕಡಬದಲ್ಲಿ ದೊಡ್ಡ ದೊಡ್ಡವರ ಹತ್ತಿರ ವಾದ ಮಾಡಿ ಗೆಲ್ಲುವ ಮನುಷ್ಯ, ಅಪ್ಪನ ಮುಂದೆ ಮಾತ್ರ ಒದ್ದೆ ಬೆಕ್ಕು. ಆ ವಾರ ನಾನು ಮಾವನಿಗೆ ಕೊಟ್ಟ ಚಾದಲ್ಲಿ ಸಕ್ಕರೆ ಇರಲಿಲ್ಲ. ಅವರು ಯಾರಿಗೂ ಏನೂ ಹೇಳದೆ ಕುಡಿದರು. ಅದೂ ನನಗೆ ಸಿಟ್ಟು ತರಿಸಿತು.

ಇನ್ನು ಕಾರಿನ ವಿಷಯಕ್ಕೆ ಬರಬೇಕು. ಮಾವನಿಗೆ ಒಂದು ಹಳೆಯ ಕಪ್ಪು ಕಾರು ಇತ್ತು, ಗುಂಡು ಗುಂಡಗೆ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ. ಅದೇ ವಾರದ ಬುಧವಾರ ಸುಳ್ಯದಿಂದ ಬರುವಾಗ ಒಂದು ಇಳಿಜಾರಿನಲ್ಲಿ ಮಾವ ಬ್ರೇಕ್ ಒತ್ತಿದರೆ ಪೆಡಲು ಹಾಗೇ ತಳಕ್ಕೆ ಹೋಯಿತಂತೆ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೊನೆಗೆ ರಸ್ತೆ ಬದಿಯ ಎತ್ತರದ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸಿದರಂತೆ. ಆಮೇಲೆ ಮೊದಲನೇ ಗೇರಿನಲ್ಲಿ ಸೈಕಲಿನವರೆಲ್ಲ ಹಿಂದೆ ಹಾಕುವ ವೇಗದಲ್ಲಿ ಮನೆಗೆ ತಂದರು. ಇಳಿದು ಎರಡು ಚೆಂಬು ನೀರು ಕುಡಿದರು. ಒಂದು ಬದಿಯ ಮಡ್ಗಾರ್ಡಿಗೆ ಅಂಟಿದ್ದ ಕೆಂಪು ಮಣ್ಣು ನೋಡಿ ಅತ್ತೆಯೇ ಬಾಯಿ ಬಿಡಿಸಿದ್ದು.

ಅಂಥ ಕಾರಿನ ಬ್ರೇಕು ನಡೆಯುವುದು ಎಣ್ಣೆಯಿಂದ. ಪೆಡಲು ಒತ್ತಿದರೆ ಕಾಲಿನ ಬಲ ಸಪೂರ ಕೊಳವೆಗಳಲ್ಲಿ ತುಂಬಿದ ಬ್ರೇಕ್ ಆಯಿಲಿನ ಮೂಲಕ ನಾಲ್ಕು ಚಕ್ರಗಳಿಗೂ ಮುಟ್ಟುತ್ತದೆ. ಚಕ್ರದ ಒಳಗೆ ಎಣ್ಣೆ ಸೋರದಂತೆ ತಡೆಯುವ ಸಣ್ಣ ರಬ್ಬರ್‌ಗಳಿವೆ. ಅವು ಸವೆದು ಎಣ್ಣೆ ಸೋರಿ, ಆ ಜಾಗದಲ್ಲಿ ಗಾಳಿ ಹೊಕ್ಕರೆ ಕಾಲಿನ ಬಲವೆಲ್ಲ ಆ ಗಾಳಿಯನ್ನು ಅಮುಕುವುದರಲ್ಲಿಯೇ ಮುಗಿಯುತ್ತದೆ, ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಮಾವ ಗುರುವಾರ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಹೊಸ ರಬ್ಬರ್‌ಗಳನ್ನೂ ಒಂದು ಡಬ್ಬ ಬ್ರೇಕ್ ಆಯಿಲನ್ನೂ ತಂದರು. ಕಾರನ್ನು ವರ್ಕ್‌ಶಾಪಿಗೆ ಕೊಂಡುಹೋಗುವ ಜಾತಿಯವರೇ ಅಲ್ಲ ಅವರು. ಹಿಂದೊಮ್ಮೆ ಪುತ್ತೂರಿನ ಮೆಕ್ಯಾನಿಕ್ ಬ್ರೇಕಿನ ಏರ್ ತೆಗೆಯುವುದನ್ನು ನಿಂತು ನೋಡಿ, “ಇಷ್ಟೇಯಾ? ನಮ್ಮ ತೋಟದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ನಾವು ಮಾಡುದೂ ಇದೇ ಅಲ್ವಾ” ಎಂದು ಬಂದಿದ್ದರಂತೆ. ಅಂದಿನಿಂದ ಮನೆಯ ಅಂಗಳವೇ ವರ್ಕ್‌ಶಾಪು.

ಶುಕ್ರವಾರ ಬೆಳಿಗ್ಗೆ ಮಾವ ನಾಲ್ಕು ಚಕ್ರ ಬಿಚ್ಚಿ, ರಬ್ಬರ್ ಬದಲಿಸಿ, ಮತ್ತೆ ಜೋಡಿಸಿದರು. ಇನ್ನು ಉಳಿದದ್ದು ಹಳೆಯ ಎಣ್ಣೆಯನ್ನೂ ಗಾಳಿಯನ್ನೂ ಹೊರಗೆ ತಳ್ಳಿ ಹೊಸ ಎಣ್ಣೆ ತುಂಬುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದೆ ಇರುವ ನಿಪ್ಪಲ್ ಎಂಬ ಸಣ್ಣ ತೂತಿನ ತಿರುಪನ್ನು ಸ್ಪ್ಯಾನರಿನಿಂದ ತೆರೆದು ಮುಚ್ಚಬೇಕು. ಅಷ್ಟು ವರ್ಷ ಪೆಡಲಿನ ಕೆಲಸ ಅತ್ತೆಯದ್ದು. ಆದರೆ ಆ ಬೇಸಿಗೆಯಲ್ಲಿ ಅವರ ಮಂಡಿ ಬಾತುಕೊಂಡು ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಮಾವ ಅಂಗಳದಲ್ಲಿ ನಿಂತು ಯಾರಿಗೂ ಹೇಳುತ್ತಿಲ್ಲ ಎಂಬ ಹಾಗೆ, “ಒತ್ತಲಿಕ್ಕೆ ಒಂದು ಜನ ಬೇಕಿತ್ತು” ಎಂದರು. ಮನೆಯಲ್ಲಿ ಇದ್ದದ್ದೇ ಮೂರು ಜನ. ಅತ್ತೆ ನನ್ನ ಕಡೆ ನೋಡಿದರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾರಿಗೆ ಹತ್ತಿದೆ. ಶಾಲೆಯ ಕೆಲಸಕ್ಕೆ ಬಿಡದ ಮನುಷ್ಯನಿಗೆ ನಾನು ಈ ಕೆಲಸ ಮಾಡಿಕೊಡಬೇಕಲ್ಲ ಎಂದು ಉರಿಯುತ್ತಿತ್ತು.

ಗಾಳಿ ತೆಗೆಯುವುದು ಪೆಡಲಿನಿಂದ ಅತಿ ದೂರದ ಚಕ್ರದಿಂದ ಶುರು. ಎಂದರೆ ಎಡಗಡೆ ಹಿಂದಿನದು. ಮಾವ ಅಲ್ಲಿ ಗೋಣಿ ಹಾಸಿ ಮಲಗಿ, ನಿಪ್ಪಲಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಟಾನಿಕ್ ಬಾಟ್ಲಿಯೊಳಗೆ ಇಳಿಬಿಟ್ಟಿದ್ದರು. ನಾನು ಬಲಗಡೆ ಮುಂದೆ, ಸ್ಟೇರಿಂಗಿನ ಹಿಂದೆ. ನಮ್ಮಿಬ್ಬರ ಮಧ್ಯೆ, ಕಾರಿನ ಹೊಟ್ಟೆಯ ನೇರಕ್ಕೆ, ಸ್ಟೂಲು ಹಾಕಿಕೊಂಡು ಅತ್ತೆ. ಅವರು ಕೂತ ಗತ್ತು ನೋಡಿದರೆ ನಾವಿಬ್ಬರೂ ಅವರ ಕೈಕೆಳಗಿನವರು.

“ಒತ್ತಲಿಕ್ಕೆ ಹೇಳು” ಎಂದರು ಮಾವ ಚಕ್ರದ ಹಿಂದಿನಿಂದ.

“ಒತ್ತಬೇಕಂತೆ” ಎಂದರು ಅತ್ತೆ.

ಒತ್ತಿದೆ. “ಒತ್ತಿದೆ ಅತ್ತೆ.”

“ಒತ್ತಿದಳಂತೆ.”

“ಇನ್ನೂ ಮೂರು ಸಲ ಒತ್ತಿ, ಹಾಗೇ ಹಿಡೀಲಿಕ್ಕೆ ಹೇಳು.”

“ಇನ್ನೂ ಮೂರು ಸಲ ಒತ್ತಿ ಹಾಗೇ ಹಿಡೀಬೇಕಂತೆ. ಸೀರೆಗೆ ಗ್ರೀಸ್ ತಾಗದ ಹಾಗೆ ಕೂರಬೇಕಂತೆ. ಬೆನ್ನು ನೆಟ್ಟಗೆ ಇರಬೇಕಂತೆ.”

ಸೀರೆಯ ವಿಷಯ, ಬೆನ್ನಿನ ವಿಷಯ ಮಾವ ಎತ್ತಿರಲೇ ಇಲ್ಲ. ನಾನು ಮೂರು ಸಲ ಒತ್ತಿ ಹಿಡಿದೆ. ಮಾವ ನಿಪ್ಪಲು ತೆರೆದರು. ತೆರೆದ ಕೂಡಲೇ ಪೆಡಲು ಪಾದದ ಕೆಳಗಿನಿಂದ ಜಾರಿ ತಳಕ್ಕೆ ಹೋಯಿತು. ಹೀಗಾಗುತ್ತದೆ, ಹೆದರಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಏನೋ ಮುರಿದೇ ಹೋಯಿತು ಎಂದು ಗಾಬರಿಯಲ್ಲಿ ಕಾಲೆತ್ತಿಬಿಟ್ಟೆ. ನಿಪ್ಪಲು ಮುಚ್ಚುವ ಮುಂಚೆ ಕಾಲೆತ್ತಿದರೆ, ಹೊರಗೆ ಹೋದ ಗಾಳಿ ಬಂದ ದಾರಿಯಲ್ಲೇ ಒಳಗೆ ಹೊಗುತ್ತದೆ.

“ತಳಕ್ಕೆ ಹೋದರೂ ಹಿಡಿದೇ ಇರಬೇಕು ಅಂತ ಹೇಳು” ಎಂದು ಮಾವ ಹೇಳುತ್ತಿದ್ದದ್ದು ನನಗೂ ಕೇಳಿತ್ತು. ಆದರೆ ಅತ್ತೆಯ ಮೂಲಕ ಬಾರದ ಮಾತನ್ನು ಕೇಳಿಸಿಕೊಂಡ ಹಾಗೆ ಮಾಡುವಂತಿಲ್ಲ. ಅತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿ, ಮಂಡಿ ಒಮ್ಮೆ ನೀವಿಕೊಂಡು, ಅದನ್ನು ಹೇಳುವ ಹೊತ್ತಿಗೆ ಬಾಟ್ಲಿಯ ಎಣ್ಣೆ ಅರ್ಧ ಕೊಳವೆಯೊಳಗೆ ಹಿಂದೆ ಬಂದಾಗಿತ್ತು.

ಹೀಗೆ ಹತ್ತು ಹನ್ನೆರಡು ಸಲ ನಡೆಯಿತು. ಪ್ರತಿ ಸಲವೂ ಮಾವನ ಬಾಯಿಂದ ಹೊರಟ “ಹಿಡಿ” ಅತ್ತೆಯ ಹತ್ತಿರ ಸ್ವಲ್ಪ ಹೊತ್ತು ವಿಶ್ರಾಂತಿ ತೆಗೆದುಕೊಂಡು ನನ್ನ ಹತ್ತಿರ ಬರುತ್ತಿತ್ತು. ನಾನು ಕೊಟ್ಟ “ಹಿಡಿದಿದ್ದೇನೆ” ಅಷ್ಟೇ ವಿಶ್ರಾಂತಿಯಲ್ಲಿ ಹಿಂದೆ ಹೋಗುತ್ತಿತ್ತು. ನಡುವೆ ಅತ್ತೆ ತಮ್ಮ ಸ್ವಂತದ್ದನ್ನೂ ಸೇರಿಸುತ್ತಿದ್ದರು. “ಇವಳ ಕಾಲಿಗೆ ಬಲ ಸಾಲದು, ನನ್ನ ಕಾಲಿನಲ್ಲಿ ಹೇಗಿತ್ತು” ಎಂದು ಮಾವನಿಗೆ, “ಸರಿ ಒತ್ತುದಿಲ್ಲ ಅಂತ ಬೈತಿದ್ದಾರೆ” ಎಂದು ನನಗೆ. ಬಾಟ್ಲಿಯಲ್ಲಿ ಕಷಾಯದ ಬಣ್ಣದ ಎಣ್ಣೆಯ ಜೊತೆ ಗುಳ್ಳೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಮಾವ ಬೈಯುತ್ತಲೂ ಇರಲಿಲ್ಲ, ನಿಟ್ಟುಸಿರು ಮಾತ್ರ ಬಿಡುತ್ತಿದ್ದರು. ಅದು ದಾಟಿಸುವ ಅಗತ್ಯವಿಲ್ಲದೆ ನನಗೆ ನೇರ ಕೇಳುತ್ತಿತ್ತು.

ಕಾರಿಗೇ ಜೋಡಿಸಿದ ಬ್ರೇಕ್ ಆಯಿಲಿನ ಡಬ್ಬಿ ನನ್ನ ಕಾಲಬುಡದಲ್ಲಿ, ನೆಲದ ಮ್ಯಾಟಿನ ಅಡಿಯಲ್ಲಿತ್ತು. ಚಕ್ರದಲ್ಲಿ ಎಣ್ಣೆ ಹೊರಗೆ ಹೋದ ಹಾಗೆ ಇಲ್ಲಿ ಹೊಸ ಎಣ್ಣೆ ತುಂಬುತ್ತಿರಬೇಕು. ಬರಿದಾದರೆ ಮೇಲಿನಿಂದಲೇ ಗಾಳಿ ಹೊಕ್ಕು, ಮಾಡಿದ್ದೆಲ್ಲ ನೀರುಪಾಲು. ಎಡಗಡೆ ಹಿಂದಿನ ಚಕ್ರ ಕಷ್ಟಪಟ್ಟು ಮುಗಿದು, ಬಲಗಡೆ ಹಿಂದಿನದ್ದಕ್ಕೆ ಬಂದಾಗ ಮಾವ, “ಡಬ್ಬಿಯಲ್ಲಿ ಎಣ್ಣೆ ಎಷ್ಟುಂಟು ನೋಡ್ಲಿಕ್ಕೆ ಹೇಳು” ಎಂದರು. ಆಗ ಅತ್ತೆಗೆ ಯಾರದ್ದೋ ಮನೆಯ ಮದುವೆಯ ಬಾಳೆಕಾಯಿ ಪಲ್ಯದ ನೆನಪಾಗಿ, ಅದನ್ನು ನನಗೆ ವರ್ಣಿಸುತ್ತಿದ್ದರು. ಎಣ್ಣೆಯ ಮಾತು ಪಲ್ಯದಲ್ಲಿ ಮುಳುಗಿ ಹೋಯಿತು. ನನಗೆ ಕೇಳಿತ್ತು. ಆದರೆ ಸಿಟ್ಟಿನಲ್ಲಿದ್ದೆ. ಕ್ರಮ ಅಂದರೆ ಕ್ರಮ, ಅತ್ತೆ ಹೇಳಲಿ ಎಂದು ಸುಮ್ಮನೆ ಕೂತೆ. ಎರಡು ನಿಮಿಷದಲ್ಲಿ ಪೆಡಲು ಒತ್ತಿದರೆ ಬೆಣ್ಣೆಗೆ ಕಾಲಿಟ್ಟ ಹಾಗಾಯಿತು. ಡಬ್ಬಿ ಬರಿದು. ಮೊದಲ ಚಕ್ರದಿಂದ ಪುನಃ ಶುರು. ಈಗ ಯೋಚಿಸಿದರೆ ಆ ಗಾಳಿಯಲ್ಲಿ ಅರ್ಧ ಪಾಲು ನನ್ನದೇ.

ಹನ್ನೊಂದು ಗಂಟೆಯ ಬಿಸಿಲು. ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. “ಅಯ್ಯೋ, ಹಾಲು!” ಎಂದು ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಕುಂಟುತ್ತಾ ಒಳಗೆ ಹೋದರು. ಆಗ ನಾನು ಪೆಡಲು ಒತ್ತಿ ಹಿಡಿದಿದ್ದೆ. ಹಿಂದೆ ಮಾವ ನಿಪ್ಪಲಿಗೆ ಸ್ಪ್ಯಾನರ್ ಹಾಕಿ ಕಾಯುತ್ತಿದ್ದರು. ಮಧ್ಯದಲ್ಲಿ ಖಾಲಿ ಸ್ಟೂಲು.

ಕೋಳಿಗಳು ಸ್ಟೂಲಿನ ಬುಡ ಕೆದಕಿದವು. ಆಮೇಲೆ ಒಂದು ಕೆಮ್ಮು. ಆಮೇಲೆ ಇನ್ನೊಂದು.

“ಹಿಡಿದದ್ದು ಹಾಗೇ ಇರಲಿ” ಎಂದರು ಮಾವ, ಚಕ್ರಕ್ಕೆ ಹೇಳುವ ಹಾಗೆ.

ಚಕ್ರ ಉತ್ತರ ಕೊಡಲಿಕ್ಕಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಹೇಳಿದೆ. “ಹಿಡಿದಿದ್ದೇನೆ ಮಾವ.”

ಮೂರು ವರ್ಷದಲ್ಲಿ ನಾನು ಆ ಮನುಷ್ಯನನ್ನು ಮಾವ ಎಂದು ಕರೆದದ್ದು ಅದೇ ಮೊದಲು.

“ಈಗ ತೆರೀತೇನೆ. ಕೆಳಗೆ ಹೋಗ್ತದೆ. ಹೆದರುದು ಬೇಡ.”

“ಆಯ್ತು.”

“ಮುಚ್ಚಿದೆ. ಬಿಡು.”

“ಬಿಟ್ಟೆ.”

ಇಡೀ ಬೆಳಿಗ್ಗೆ ಆಗದ ಕೆಲಸ ಹತ್ತೇ ನಿಮಿಷದಲ್ಲಿ ಸಾಗಿತು. ಹಿಂದಿನ ಎರಡೂ ಚಕ್ರ ಮುಗಿದವು. ಎಡಗಡೆ ಮುಂದಿನದ್ದೂ ಮುಗಿಯಿತು. ಡಬ್ಬಿಯಲ್ಲಿ ಎಣ್ಣೆ ಇಳಿದದ್ದನ್ನು ನಾನೇ ನೋಡಿ, “ಎಣ್ಣೆ ಹಾಕ್ತೇನೆ ಮಾವ, ಸ್ವಲ್ಪ ನಿಲ್ಲಿ” ಎಂದೆ. ಅವರು ನಿಂತರು. ಬಾಟ್ಲಿಗೆ ಬರುವ ಎಣ್ಣೆ ಕಷಾಯದ ಬಣ್ಣ ಬಿಟ್ಟು ಜೇನಿನ ಬಣ್ಣಕ್ಕೆ ತಿರುಗಿತು. ಒತ್ತು, ಹಿಡಿ, ಬಿಡು. ಇಷ್ಟು ಮಾತಿನಲ್ಲಿ ಇಷ್ಟು ಸುಖ ಉಂಟು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಸಿಟ್ಟು ಎಲ್ಲಿಗೋ ಹೋಗಿತ್ತು. ಅದು ಹೋದದ್ದೇ ನನಗೆ ಇನ್ನಷ್ಟು ಸಿಟ್ಟು ತಂದಿತು, ಯಾಕೆಂದರೆ ಮರುದಿನವೇ ಆ ಶನಿವಾರ.

ಕೊನೆಯದು ಬಲಗಡೆ ಮುಂದಿನ ಚಕ್ರ. ಅದು ನನ್ನ ಬಾಗಿಲ ಬುಡದಲ್ಲೇ. ತೆರೆದ ಬಾಗಿಲಿನಿಂದ ಕೆಳಗೆ ನೋಡಿದರೆ ಮಾವನ ಅರ್ಧ ತಲೆ, ಎಣ್ಣೆ ಮೆತ್ತಿದ ಕೈ ಕಾಣುತ್ತಿತ್ತು. ನಾನು ಒತ್ತಿ ಹಿಡಿದೆ, ಅವರು ತೆರೆದರು, ಪೆಡಲು ತಳಕ್ಕೆ ಹೋಯಿತು. ಈಗ ನಾನು ಕಾಲೆತ್ತಿದರೆ ಇಡೀ ಬೆಳಗಿನ ಕೆಲಸ ಮಣ್ಣುಪಾಲು. ಅವರು ಎಲ್ಲಿಗೂ ಓಡಿ ಹೋಗುವಂತಿರಲಿಲ್ಲ. ಮುಸುಂಬಿ ಇಟ್ಟು ಓಡಿದ ಹಾಗೆ ಈ ಸಲ ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ಒಳ್ಳೆಯ ಸಂದರ್ಭ ಯಾವ ಸೊಸೆಗೂ ಸಿಕ್ಕಿರಲಿಕ್ಕಿಲ್ಲ.

“ಮಾವ, ನಾನು ಶಾಲೆಗೆ ಹೋಗುದು ಬೇಡ ಅಂತ ಯಾಕೆ ಹೇಳಿದ್ದು ನೀವು?”

ಸ್ಪ್ಯಾನರ್ ನಿಂತಿತು. ಮಾವನ ತಲೆ ಮೇಲೆ ಬಂತು. ಮೂರು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಿದರು. ಕನ್ನಡಕದ ಒಂದು ಗಾಜಿಗೆ ಎಣ್ಣೆ ಹಾರಿತ್ತು.

“ನಾನು ಎಲ್ಲಿ ಬೇಡ ಅಂದದ್ದು?” ಎಂದರು. “ಹೋಗಲಿ, ಓದಿದ್ದು ಯಾಕೆ ಮತ್ತೆ, ಅಂತ ಹೇಳಿದೆ. ನಿನಗೇ ಮನಸ್ಸಿಲ್ಲ, ದೂರ ಆಗ್ತದೆ ಅಂತ ನೀನು ಹೇಳಿದ್ದಲ್ವಾ?”

“ನಾನು?”

“ಮತ್ತೆ ಯಾರು?”

ನಾವಿಬ್ಬರೂ ಒಂದೇ ಸಲ ಜಗಲಿಯ ಕಡೆ ತಿರುಗಿದೆವು. ಅತ್ತೆ ಅಲ್ಲಿ ಎರಡು ಲೋಟ ಮಜ್ಜಿಗೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಮಧ್ಯದ ಸ್ಟೂಲಿಗೆ ಬರಲಿಲ್ಲ. ನನ್ನ ಮಾತನ್ನು ಮಾವನಿಗೆ, ಮಾವನ ಮಾತನ್ನು ನನಗೆ ದಾಟಿಸಲೂ ಇಲ್ಲ.

ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡಬೇಕು ಎಂದು ನನಗಿತ್ತು. ಒಂದು ವಾರ ನಾನು ತಲೆದಿಂಬು ಒದ್ದೆ ಮಾಡಿದ್ದು, ಸಕ್ಕರೆಯಿಲ್ಲದ ಚಾ ಕುಡಿಸಿ ತಪ್ಪು ಮನುಷ್ಯನಿಗೆ ಶಿಕ್ಷೆ ಕೊಟ್ಟದ್ದು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. “ಯಾಕೆ ಅತ್ತೆ ಹೀಗೆ ಮಾಡಿದ್ದು?” ಎಂದಷ್ಟೇ ಹೊರಗೆ ಬಂದದ್ದು, ಅದೂ ಜೋರಾಗಿಯೇ.

ಅತ್ತೆ ಲೋಟಗಳನ್ನು ಜಗಲಿಯ ಮೇಲಿಟ್ಟರು. ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಮಾಡಲಿಲ್ಲ.

“ಇಪ್ಪತ್ತೆಂಟು ವರ್ಷ ಆಯ್ತು ನಾನು ಈ ಮನೆಗೆ ಬಂದು” ಎಂದರು. “ನಿನ್ನ ಮಾವ ನನ್ನ ಹತ್ತಿರ ಬಾಯಿ ತೆಗೆದದ್ದು ನೀನು ಬಂದ ಮೇಲೆ. ಅವಳಿಗೆ ಇದು ಹೇಳು, ಅವಳಿಗೆ ಅದು ಹೇಳು ಅಂತ ಆದರೂ ದಿನಕ್ಕೆ ಹತ್ತು ಸಲ ನನ್ನ ಹತ್ತಿರ ಬರ್ತಾರೆ. ಅದಕ್ಕೆ ಮುಂಚೆ ಇದೇ ಕಾರಿನಲ್ಲಿ ಕೂತು, ಒತ್ತು ಬಿಡು, ಅಷ್ಟೇ. ನೀನು ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆವರೆಗೆ ಅವರು ಎಂತದಕ್ಕೆ ಮಾತಾಡುದು? ಯಾರಿಗೆ ಹೇಳ್ಲಿಕ್ಕೆ ಅಂತ ನನ್ನ ಹತ್ತಿರ ಹೇಳುದು?”

ಅಷ್ಟು ದಿನ ಅವರ ಒಗ್ಗರಣೆಯನ್ನು ನಾನು ನಕ್ಕು ಕೇಳಿದ್ದೆ, ಅಜ್ಜಾವರಕ್ಕೆ ಹೋದಾಗ ಅದನ್ನೇ ನಟಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಒಂದು ಸಾಲಿನ ಮಾತಿಗೆ ಅವರು ಹತ್ತು ಸಾಲು ಸೇರಿಸುತ್ತಿದ್ದದ್ದು ಆ ಒಂದು ಸಾಲು ಬೇಗ ಮುಗಿಯಬಾರದು ಎಂದೇ. ನನಗೆ ನಾಚಿಕೆಯಾಯಿತು. ಸಿಟ್ಟು ಪೂರ್ತಿ ಹೋಗಲಿಲ್ಲ, ಅದನ್ನೂ ಹೇಳಬೇಕು. ಎರಡೂ ಒಟ್ಟಿಗೆ ಇದ್ದವು.

“ಮುಚ್ಚಿ ಆಯ್ತು. ಕಾಲು ತೆಗಿ” ಎಂದರು ಮಾವ ನನಗೆ. ನಾನು ಅಷ್ಟು ಹೊತ್ತೂ ಪೆಡಲನ್ನು ಬಲವಾಗಿ ತುಳಿದೇ ಇದ್ದೆ.

ಮಾವ ಎದ್ದು, ಗೋಣಿಗೆ ಕೈ ಒರಸಿಕೊಂಡು, ಜಗಲಿಯ ಹತ್ತಿರ ಹೋಗಿ ಒಂದು ಲೋಟ ಎತ್ತಿದರು. ಕುಡಿಯದೆ ಹಿಡಿದುಕೊಂಡು ನಿಂತರು. ಏನೋ ಹೇಳಲಿಕ್ಕೆ ಪ್ರಯತ್ನಿಸುತ್ತಿದ್ದಾರೆ, ಬರುತ್ತಿಲ್ಲ ಎಂದು ನನಗೆ ದೂರದಿಂದಲೇ ಕಾಣುತ್ತಿತ್ತು. ಕೊನೆಗೆ ಎರಡೂ ಲೋಟ ಖಾಲಿ ಮಾಡಿದರು, ನನ್ನ ಪಾಲಿನದ್ದನ್ನೂ ಸೇರಿಸಿ, ಮತ್ತೆ ಒಳಗೆ ಹೋಗಿ ಅಂಗಿ ಬದಲಿಸಿ ಬಂದರು. “ಒಪ್ಪಿಗೆ ಬರೆದು ಕೊಡು” ಎಂದರು ನನಗೆ. ಬ್ರೇಕು ನೋಡಿದ ಹಾಗೂ ಆಯಿತು ಎಂದು ಒಬ್ಬರೇ ಕಾರು ಓಡಿಸಿಕೊಂಡು ಹೋಗಿ, ನನ್ನ ಕಾಗದವನ್ನು ಶಾಲೆಯಲ್ಲಿ ಕೊಟ್ಟು ಬಂದರು. ಬ್ರೇಕು ಕಲ್ಲಿನ ಹಾಗೆ ಗಟ್ಟಿ ನಿಂತಿತಂತೆ. ಇದನ್ನು ಅವರು ಯಾರಿಗೆ ಹೇಳಬೇಕು ಎಂದು ಸ್ವಲ್ಪ ಗಲಿಬಿಲಿಯಾಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ನಮ್ಮಿಬ್ಬರಿಗೂ ಸೇರಿಸಿ ಹೇಳಿದರು.

ಅತ್ತೆ ಎರಡು ದಿನ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ನಾನೂ ಬಿಗಿಯಾಗಿಯೇ ಇದ್ದೆ. ಶನಿವಾರ ಸಂಜೆ ಕಡಬದಿಂದ ಬಂದ ಗಂಡ, ಅಪ್ಪ ಒಪ್ಪಿದರು ಎಂದು ಕೇಳಿ, “ನಾನು ಮೊದಲೇ ಹೇಳಲಿಲ್ಲವಾ” ಎಂದರು. ಅವರು ಹೇಳಿದ್ದು ಯಾವಾಗ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಗಂಡ ಕಡಬಕ್ಕೆ ಹೋದ ಮೇಲೆ ನಾನು ಬಸ್ಸಿಗೆ ಹೊರಟು ನಿಂತಾಗ ಮಾವ ಕಾರು ಹೊರಗೆ ತೆಗೆದಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಮಾವ ಸ್ಟೇರಿಂಗ್ ಹಿಡಿದು ಕೂತರು, ಆದರೆ ಕಾರು ಹೊರಡಲಿಲ್ಲ. ಹಾರ್ನ್ ಒಂದು ಸಲ ಬಾರಿಸಿದರು. ಅತ್ತೆ ಬಾಗಿಲಿಗೆ ಬಂದು, “ಎಂತ ಮರೆತದ್ದು?” ಎಂದರು.

“ಬಾ, ಕೂರು” ಎಂದರು ಮಾವ. “ಹಿಂದೆ ಬರುವಾಗ ನಾನೊಬ್ಬನೇ ಆಗ್ತೇನೆ.”

ಅತ್ತೆ ಸೀರೆ ಬದಲಿಸಲಿಕ್ಕೆ ತೆಗೆದುಕೊಂಡ ಹೊತ್ತಿನಲ್ಲಿ ನನಗೆ ಮೊದಲ ದಿನವೇ ತಡವಾಗುವುದು ಖಂಡಿತವಾಯಿತು. ಮುಂದಿನ ಸೀಟಿನಲ್ಲಿ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಶಾಲೆಯವರೆಗೆ ಮೂವರಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ. ನಾನು ಇಳಿದು, ಗೇಟಿನ ಹತ್ತಿರ ನಿಂತು ಕಾರು ತಿರುಗಿ ಹೋಗುವುದನ್ನು ನೋಡಿದೆ. ಹಿಂದಿನ ಗಾಜಿನಲ್ಲಿ ಎರಡು ತಲೆ ಕಾಣುತ್ತಿದ್ದವು, ಎರಡೂ ನೆಟ್ಟಗೆ ರಸ್ತೆ ನೋಡುತ್ತಿದ್ದವು.

ಸಂಜೆ ಬಸ್ಸಿನಲ್ಲಿ ಬಂದೆ. ಗಂಟಲು ಕಟ್ಟಿತ್ತು, ಅಷ್ಟು ಮಾತಾಡಿದ್ದೆ. ಅತ್ತೆ ಚಾ ಕೊಟ್ಟು ನನ್ನ ಎದುರು ಕೂತರು. ಮುಖ ಒಂದು ಥರ ಕೆಂಪಾಗಿತ್ತು.

“ಬರುವಾಗ ನಿನ್ನ ಮಾವ ಮಾತಾಡಿದ್ರು” ಎಂದರು. “ಬೆಳ್ಳಾರೆಗೆ ಹೋಗಿ ಸುತ್ತು ಹಾಕಿಕೊಂಡು ಬಂದದ್ದು. ಇಡೀ ದಾರಿ ಮಾತಾಡಿದ್ರು.”

ನಾನು ಚಾದ ಲೋಟ ಕೆಳಗಿಟ್ಟು ಹತ್ತಿರ ಸರಿದು ಕೂತೆ. ಇನ್ನು ಒಂದು ಗಂಟೆಗೆ ಕಡಿಮೆಯಿಲ್ಲದ ವರದಿ ಬರುತ್ತದೆ ಎಂದು ಗೊತ್ತಿತ್ತು. “ಎಂತ ಹೇಳಿದ್ರು ಅತ್ತೆ?”

ಅತ್ತೆ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಸೆರಗಿನಿಂದ ಮುಖ ಒರಸಿಕೊಂಡು ಎದ್ದು ಒಲೆಯ ಕಡೆ ತಿರುಗಿದರು.

“ಅದು ನನಗೆ ಹೇಳಿದ್ದು” ಎಂದರು.